ಮರಿಯಾಪುರದಿಂದ ಮುಂಬಯಿಗೆ: ಹಸಿವು, ಸಾಲ ಮತ್ತು ಶಾಂತಿಯ ಕುರಿತು ಧರ್ಮಸಭೆಯ ದನಿ

ಪೀಠಿಕೆ

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಪಾಠ ಮಾಡುವಾಗ ಪ್ರತಿವರ್ಷವೂ ಒಂದಿಲ್ಲೊಂದು ರೂಪದಲ್ಲಿ ಅದೇ ಪ್ರಶ್ನೆ ತರಗತಿಯಲ್ಲಿ ಕೇಳಿಬರುತ್ತದೆ: “ಫಾದರ್, ಬಡದೇಶಗಳ ಸಾಲ, ಶಸ್ತ್ರಾಸ್ತ್ರಗಳ ಖರ್ಚು, ವಿಶ್ವಶಾಂತಿ ಇವೆಲ್ಲ ರೋಮಿನವರು, ವಿಶ್ವಸಂಸ್ಥೆಯವರು ಆಡುವ ಮಾತು. ನಾಳೆ ಕನಕಪುರದ ಕಡೆಯ ಒಂದು ಧರ್ಮಕೇಂದ್ರಕ್ಕೆ ಹೋಗುವ ನಮಗೆ ಇದರಿಂದೇನು?” ಈ ಪ್ರಶ್ನೆ ಪ್ರಾಮಾಣಿಕವಾದುದು. ಸಾಮಾಜಿಕ ಬೋಧನೆಯನ್ನು ಪರೀಕ್ಷೆಗಾಗಿ ಓದಿ ಮರೆಯುವ ಅಭ್ಯಾಸ ನಮ್ಮಲ್ಲಿ ಬೆಳೆದಿದ್ದರೆ, ಅದಕ್ಕೆ ಈ ಬೋಧನೆ ಬೇರೆ ಯಾರದೋ ನೆಲದಲ್ಲಿ ಹುಟ್ಟಿದ್ದೆಂಬ ಭಾವನೆಯೇ ಮುಖ್ಯ ಕಾರಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ ಈ ಭಾವನೆ ತಪ್ಪೆಂದು ತಿಳಿಯುತ್ತದೆ. ಅನ್ನದ ಹಣ ಯುದ್ಧಕ್ಕೆ ಹರಿಯುವುದನ್ನೂ, ಬರವು ಸಾಲವಾಗಿ ಉಳಿಯುವುದನ್ನೂ, ತಂದೆಯ ಸಾಲಕ್ಕೆ ಮಗು ಒತ್ತೆಯಾಗುವುದನ್ನೂ ಈ ನೆಲ ಕಂಡಿದೆ. ಹಸಿದವರಿಗೆ ಉಣಬಡಿಸುವುದರಿಂದ ಆರಂಭಿಸಿ, ಅವರು ಹಸಿದದ್ದೇಕೆ ಎಂದು ಲೋಕದ ಮುಂದೆ ಕೇಳುವವರೆಗೆ ಕಥೋಲಿಕ ಧರ್ಮಸಭೆ ನಡೆದು ಬಂದ ಹಾದಿಯನ್ನು ಈ ನೆಲದ ಮೇಲೆ ನಿಂತು ಗುರುತಿಸುವುದು ಈ ಲೇಖನದ ಉದ್ದೇಶ.

1. ಧಾತು ಈಶ್ವರ ಬರ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದು ಕರೆದರು. ಮಳೆ ಕೈಕೊಟ್ಟಿತು, ರಾಗಿ ಒಣಗಿತು, ಹಗೇವುಗಳಲ್ಲಿ ಕೂಡಿಟ್ಟ ಧಾನ್ಯ ತೀರಿತು, ದನಗಳು ಸತ್ತವು, ಜನ ಊರು ಬಿಟ್ಟು ಗಂಜಿ ಸಿಗುವ ಕಡೆಗೆ ನಡೆದರು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಸಹಜವಾಗಿ ಹೆಚ್ಚಬೇಕಾದ ಹತ್ತು ವರ್ಷಗಳಲ್ಲಿ ಸುಮಾರು 8.7 ಲಕ್ಷ ಜನ ಕಡಿಮೆಯಾಗಿದ್ದರು.

ಮಳೆ ಬಾರದಿರುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಬರವು ಮರಣವಾಗಿ ಮಾರ್ಪಡುವುದರಲ್ಲಿ ಮನುಷ್ಯರ ತೀರ್ಮಾನಗಳಿದ್ದವು. 1831ರಿಂದಲೂ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳುತ್ತಿದ್ದರು. ವೈಸರಾಯ್ ಲಿಟನ್ ಕ್ಷಾಮಪೀಡಿತ ದಕ್ಷಿಣಕ್ಕೆ ಕಳುಹಿಸಿದ ರಿಚರ್ಡ್ ಟೆಂಪಲ್ ಅವರ ಮುಖ್ಯ ಕಾಳಜಿ ಖರ್ಚನ್ನು ಹಿಡಿತದಲ್ಲಿಡುವುದಾಗಿತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಬೇಕೆಂದು ಅವರು ಮದರಾಸು ಪ್ರಾಂತ್ಯದಲ್ಲಿ ಸೂಚಿಸಿದರು. ಅಲ್ಲಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ವೈದ್ಯಶಾಸ್ತ್ರದ ಆಧಾರದಿಂದ ಬಹಿರಂಗವಾಗಿಯೇ ವಾದಿಸಿದರು. ಸರ್ಕಾರದ ಒಳಗೇ ಇದ್ದು ಸರ್ಕಾರವನ್ನು ಪ್ರಶ್ನಿಸಿದ ಈ ವೈದ್ಯರ ಹೆಸರು ಗುರುಮಠದ ಪಾಠಗಳಲ್ಲಿ ಬರುವುದಿಲ್ಲ. ಬಡವರ ಪರವಾದ ವಕಾಲತ್ತು ಎಂದರೇನೆಂದು ತಿಳಿಯಲು ಅವರ ವಾದ ಒಳ್ಳೆಯ ಉದಾಹರಣೆ.

ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣಗಳ ಮೂಲಕ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸ ಆರಂಭವಾದದ್ದು ಈ ಕ್ಷಾಮದ ಪರಿಹಾರ ಕಾಮಗಾರಿಯಾಗಿ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. 1881-82ರಲ್ಲಿ ಆ ದಾರಿಯಲ್ಲಿ ರೈಲು ಓಡಿತು. ಇಂದು ನಾವು ಆರಾಮವಾಗಿ ಕುಳಿತು ಸಾಗುವ ಆ ದಾರಿಯ ಅಡಿಯಲ್ಲಿ ಹಸಿದವರ ಬುಟ್ಟಿಗಳಿಂದ ಬಿದ್ದ ಮಣ್ಣಿದೆ.

2. ಮರಿಯಾಪುರ

ಆಗ ಮೈಸೂರಿನ ಕಥೋಲಿಕ ಮಿಷನ್ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಗುರುಗಳ ಹೊಣೆಯಲ್ಲಿತ್ತು. ಬರದಲ್ಲಿ ಅವರ ಬಾಗಿಲಿಗೆ ಬಂದವರಲ್ಲಿ ತಂದೆತಾಯಿಗಳಿಲ್ಲದ ಮಕ್ಕಳು ಬಹಳ. ಅವರನ್ನು ಸಾಕಲು ಅನಾಥಾಲಯಗಳು ತೆರೆದವು. ಆದರೆ ಅನಾಥಾಲಯದಲ್ಲಿ ಬೆಳೆದ ಮಗು ಮುಂದೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಗುರುಗಳು ಕಂಡುಕೊಂಡ ಉತ್ತರ ಭೂಮಿ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕ್ಷಾಮದ ಅನಾಥರಿಗಾಗಿ ಕಟ್ಟಿದ ಕೃಷಿ ನೆಲೆಗಳನ್ನು ಹೆಸರಿಸುತ್ತದೆ: ಸಿಲುವೆಪುರ ಮತ್ತು ಅಂದಿನ ಕಾನಕಾನಹಳ್ಳಿ ತಾಲ್ಲೂಕಿನ ಮರಿಯಾಪುರ. ಕಾನಕಾನಹಳ್ಳಿಯೇ ಇಂದಿನ ಕನಕಪುರ.

ಮರಿಯಾಪುರದ ಹಿಂದಿದ್ದ ಆಲೋಚನೆಯನ್ನು ಗೌರವದಿಂದ ಕಾಣಬೇಕು. ಅನ್ನ ಒಂದು ಹೊತ್ತಿಗೆ ಮುಗಿಯುತ್ತದೆ. ನೆಲ ಮತ್ತು ನೇಗಿಲು ಒಂದು ವಂಶಕ್ಕೆ ಉಳಿಯುತ್ತವೆ. ಇದೇ ಮಿಷನ್ನಿನ ಅಬ್ಬೆ ದ್ಯುಬುವಾ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಾಸನದ ಬಳಿಯ ಶೆಟ್ಟಿಹಳ್ಳಿಯ ಸೀಮೆಯಲ್ಲಿ ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದ್ದರು, ಸಿಡುಬಿನ ಲಸಿಕೆಯ ಪ್ರಚಾರಕ್ಕೂ ಕೈಹಾಕಿದ್ದರು. ಬಡವನನ್ನು ಭಿಕ್ಷುಕನನ್ನಾಗಿ ಉಳಿಸದೆ ಒಕ್ಕಲಾಗಿ ನಿಲ್ಲಿಸುವ ಈ ದೃಷ್ಟಿ, ‘ಅಭಿವೃದ್ಧಿ’ ಎಂಬ ಶಬ್ದ ಬಳಕೆಗೆ ಬರುವುದಕ್ಕೆ ಎಷ್ಟೋ ಮುಂಚೆಯೇ ಇತ್ತು.

ಆದರೂ ಎರಡು ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲನೆಯದು: ಈ ಮಕ್ಕಳಿಗೆ ಅನ್ನದ ಜೊತೆಗೆ ದೀಕ್ಷಾಸ್ನಾನವೂ ದೊರೆಯಿತು, ಊರುಗಳು ಕ್ರೈಸ್ತರ ಊರುಗಳಾಗಿಯೇ ಬೆಳೆದವು. ಸಾಯುತ್ತಿರುವ ಮಗುವಿನ ಆತ್ಮರಕ್ಷಣೆಯ ಕುರಿತ ಅಂದಿನ ದೈವಶಾಸ್ತ್ರ ಬೇರೆ ದಾರಿಯನ್ನು ಯೋಚಿಸಲು ಅವರಿಗೆ ಬಿಟ್ಟಿರಲಿಲ್ಲ. ಧಾರ್ಮಿಕ ಸ್ವಾತಂತ್ರ್ಯದ ಕುರಿತ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಘೋಷಣೆ ಬಂದದ್ದು 1965ರಲ್ಲಿ. ಇಂದು ಆ ಘೋಷಣೆಯ ಬೆಳಕಿನಲ್ಲಿ ನೋಡುವ ನಾವು, ಹಸಿವಿನ ಗಳಿಗೆಯಲ್ಲಿ ಮಾಡಿದ ಆಯ್ಕೆ ಎಷ್ಟು ಸ್ವತಂತ್ರ ಎಂದು ಕೇಳಿಕೊಳ್ಳಲೇಬೇಕು.

ಎರಡನೆಯದು: ಮಕ್ಕಳು ಅನಾಥರಾದದ್ದೇಕೆ ಎಂಬ ಪ್ರಶ್ನೆಗೆ ಮರಿಯಾಪುರದಲ್ಲಿ ಉತ್ತರವಿರಲಿಲ್ಲ. ಇದು ಆ ಗುರುಗಳ ಮೇಲಿನ ದೂರಲ್ಲ. ಕೂಲಿ, ಆಸ್ತಿ, ರಾಜ್ಯದ ಕರ್ತವ್ಯಗಳನ್ನು ಕುರಿತ ಮೊದಲ ಸಾಮಾಜಿಕ ವಿಶ್ವಪರಿಪತ್ರ ‘ರೇರುಮ್ ನೊವಾರುಮ್’ 1891ರ ಮೇ 15ರಂದು ಹೊರಬಂದಿತು. ಮರಿಯಾಪುರದ ಮಕ್ಕಳು ಆ ವೇಳೆಗೆ ದೊಡ್ಡವರಾಗಿದ್ದರು.

3. ಸಾಲವಾಗಿ ಉಳಿದ ಬರ

ಬರ 1878ರಲ್ಲಿ ಕಳೆಯಿತು. ಅದರ ಲೆಕ್ಕ ಮುಗಿಯಲಿಲ್ಲ. ಬರಕ್ಕೆ ಮುಂಚೆ ಸಂಸ್ಥಾನದ ಬೊಕ್ಕಸದಲ್ಲಿ ಸುಮಾರು 63 ಲಕ್ಷ ರೂಪಾಯಿಗಳ ಉಳಿತಾಯವಿತ್ತು. ಅದು ಕರಗಿಹೋಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ಬಿದ್ದಿತು. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸಿದಾಗ, ಯುವಕ ಅರಸರ ಕೈಸೇರಿದ್ದು ಜನ ಕಳೆದುಕೊಂಡ ನಾಡು ಮತ್ತು ಈ ಸಾಲ. ದಿವಾನ್ ರಂಗಾಚಾರ್ಲು ಅವರ ಆಡಳಿತದ ಆರಂಭ ಖರ್ಚಿನ ಕಡಿತದಿಂದಲೇ ಆಯಿತು.

ಇದಕ್ಕಿಂತ ಗಮನಾರ್ಹವಾದ ಇನ್ನೊಂದು ಹೊರೆಯಿತ್ತು. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರದ ಒಪ್ಪಂದದ ಪ್ರಕಾರ, ಬ್ರಿಟಿಷ್ ಸೈನ್ಯದ ರಕ್ಷಣೆಗಾಗಿ ಮೈಸೂರು ಪ್ರತಿವರ್ಷ 24.5 ಲಕ್ಷ ರೂಪಾಯಿ ಪೊಗದಿ ಕೊಡುತ್ತಿತ್ತು. 1881ರ ಒಪ್ಪಂದದಲ್ಲಿ ಈ ಮೊತ್ತ 35 ಲಕ್ಷಕ್ಕೆ ಏರಿತು. ಬರದ ಸಾಲ ಹೆಗಲ ಮೇಲಿದ್ದುದರಿಂದ ಏರಿಕೆಯ ವಸೂಲಿಯನ್ನು ಕೆಲವು ವರ್ಷ ಮುಂದಕ್ಕೆ ಹಾಕಿದರು, ರದ್ದು ಮಾಡಲಿಲ್ಲ. ಲಕ್ಷಾಂತರ ಜನರನ್ನು ಕಳೆದುಕೊಂಡ ನಾಡು ಸೈನ್ಯದ ಖರ್ಚಿಗೆ ಹೆಚ್ಚು ಕೊಡಲು ಒಪ್ಪಬೇಕಾಯಿತು.

ಭಾರತ ಸರ್ಕಾರದ ಮಟ್ಟದಲ್ಲಿಯೂ ಇದೇ ಕಥೆ. ಮುಂದಿನ ಬರಗಳಿಗೆಂದು 1878ರಲ್ಲಿ ಹೊಸ ತೆರಿಗೆ ಹಾಕಿ ‘ಕ್ಷಾಮ ವಿಮಾ ನಿಧಿ’ಯ ಭರವಸೆ ಕೊಟ್ಟರು. ಅದೇ ವರ್ಷದ ಕೊನೆಗೆ ಎರಡನೆಯ ಆಫ್ಘನ್ ಯುದ್ಧ ಆರಂಭವಾಯಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಯುದ್ಧದಲ್ಲಿ ಕರಗಿತೆಂಬ ಆಪಾದನೆ ಭಾರತದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಎದ್ದಿತು.

ಈ ಚರಿತ್ರೆಯ ಪಕ್ಕದಲ್ಲಿ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವನ್ನು ಇಟ್ಟು ಓದಬೇಕು. ಬರದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟವರು, ಅರಸನ ಕಂದಾಯ ಕಟ್ಟಲು ಸಾಲ ಮಾಡಿದವರು, ಗಂಡುಹೆಣ್ಣು ಮಕ್ಕಳನ್ನು ದಾಸ್ಯಕ್ಕೆ ಕೊಟ್ಟವರು ಅಲ್ಲಿ ಮೊರೆಯಿಡುತ್ತಾರೆ. ನೆಹೆಮೀಯ ಆಗ ಶತ್ರುಗಳ ಭಯದಿಂದ ಜೆರುಸಲೇಮಿನ ಗೋಡೆ ಕಟ್ಟಿಸುತ್ತಿದ್ದ. ಗೋಡೆ ಇನ್ನೂ ಪೂರ್ತಿಯಾಗಿರಲಿಲ್ಲ. ಅದು ಮುಗಿಯಲಿ ಎಂದು ಅವನು ಕಾಯದೆ, ಮುಖಂಡರನ್ನು ಸಭೆ ಸೇರಿಸಿ, ಒತ್ತೆಯಿಟ್ಟುಕೊಂಡದ್ದನ್ನು ಅಂದೇ ಹಿಂದಿರುಗಿಸುವಂತೆ ಒಪ್ಪಿಸುತ್ತಾನೆ. ಒಳಗಿನವರು ಸಾಲದಲ್ಲಿ ಸಾಯುತ್ತಿದ್ದರೆ ಹೊರಗೋಡೆ ಯಾರನ್ನು ಕಾಯುತ್ತದೆ ಎಂಬುದೇ ಆ ಅಧ್ಯಾಯದ ತಾತ್ಪರ್ಯ. ಭದ್ರತೆಗಾಗಿ ಅನ್ನ ಕಾಯಲಿ ಎನ್ನುವ ರಾಜನೀತಿಗೆ ಪವಿತ್ರಗ್ರಂಥ ಕೊಡುವ ಉತ್ತರ ಇದು.

4. ಮುಂಬಯಿ, 1964

ಅನ್ನ ಮತ್ತು ಆಯುಧಗಳ ನಡುವಣ ಈ ಸಂಬಂಧವನ್ನು ಒಬ್ಬ ಜಗದ್ಗುರು ಲೋಕದ ಮುಂದೆ ಬಹಿರಂಗವಾಗಿ ಎತ್ತಿ ಆಡಿದ್ದು ಭಾರತದ ನೆಲದಲ್ಲಿ. 1964ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆಂದು ಮುಂಬಯಿಗೆ ಬಂದ ಆರನೆಯ ಪೌಲರು, ಡಿಸೆಂಬರ್ 4ರಂದು ಪತ್ರಕರ್ತರ ಮೂಲಕ ಎಲ್ಲ ರಾಷ್ಟ್ರಗಳಿಗೂ ಮನವಿ ಮಾಡಿದರು: ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನಾದರೂ ತೆಗೆದು ಬಡದೇಶಗಳ ನೆರವಿಗೆ ವಿಶ್ವನಿಧಿಯೊಂದನ್ನು ಸ್ಥಾಪಿಸಿರಿ. 1967ರ ಮಾರ್ಚ್ 26ರ ‘ಪೊಪುಲೊರುಮ್ ಪ್ರೊಗ್ರೆಸ್ಸಿಯೊ’ ವಿಶ್ವಪರಿಪತ್ರದ 51ನೆಯ ಪರಿಚ್ಛೇದದಲ್ಲಿ ಮುಂಬಯಿಯ ಹೆಸರನ್ನು ತೆಗೆದುಕೊಂಡೇ ಅವರು ಆ ಮನವಿಯನ್ನು ಮರಳಿ ಮಂಡಿಸಿದರು. ಜನಾಂಗಗಳ ಅಭಿವೃದ್ಧಿ ಮತ್ತು ಶಾಂತಿ ಒಂದೇ ಕಾರ್ಯದ ಎರಡು ಹೆಸರುಗಳು ಎಂಬ ಬೋಧನೆ ಅಲ್ಲಿಂದ ಧರ್ಮಸಭೆಯ ಬಾಯಿಪಾಠವಾಯಿತು.

ಈ ಬೋಧನೆಗೆ ಕೈಕಾಲುಗಳಾದ ಸಂಸ್ಥೆಗಳೂ ಅದೇ ಕಾಲದವು. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ ಮಿಸೆರಿಯೋರ್ ಸಂಸ್ಥೆಯನ್ನು ಆರಂಭಿಸಿದರು. ಭಾರತದ ಧರ್ಮಾಧ್ಯಕ್ಷರ ಕಾರಿತಾಸ್ ಇಂಡಿಯಾ 1962ರಲ್ಲಿ ಬಂದಿತು. ನ್ಯಾಯ ಮತ್ತು ಶಾಂತಿಯ ಆಯೋಗವನ್ನು ರೋಮಿನಲ್ಲಿ 1967ರ ಜನವರಿಯಲ್ಲಿ ಸ್ಥಾಪಿಸಿದರು. 1968ರಿಂದ ಜನವರಿ 1 ವಿಶ್ವಶಾಂತಿ ದಿನವಾಯಿತು. ಕನ್ನಡನಾಡಿನ ಪಾಲೂ ಇದರಲ್ಲಿದೆ. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದವರು, ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲಿದ್ದವರು. ಅವರು 1951ರಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಆಗಿ, 1963ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರವನ್ನು ತೆರೆಯಿತು. ನಮ್ಮ ನಾಲ್ಕು ತಾಲ್ಲೂಕುಗಳು ಸೇರಿದ ಬೆಂಗಳೂರು ಮಹಾಧರ್ಮಕ್ಷೇತ್ರ ತನ್ನ ಸಮಾಜಸೇವಾ ಸಂಸ್ಥೆಯ ಮೂಲಕ ಹಳ್ಳಿಗಳಿಗೆ ಹೋದದ್ದು ಈ ಅಲೆಯ ಭಾಗವಾಗಿಯೇ.

ಮರಿಯಾಪುರಕ್ಕೂ ಮುಂಬಯಿಗೂ ನಡುವಣ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಮರಿಯಾಪುರ ಹಸಿದ ಮಗುವನ್ನು ಕಂಡಿತು. ಮುಂಬಯಿಯಲ್ಲಿ ಧರ್ಮಸಭೆ ಆ ಮಗುವಿನ ಅನ್ನ ಎಲ್ಲಿಗೆ ಹೋಯಿತೆಂದು ಕೇಳಿತು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಬರಿಯ ಭಾಷಣ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಮುಗಿವೇ ಇಲ್ಲ.

5. ಜೀತ ಮತ್ತು ಮುಂಗಡ

ದೇಶಕ್ಕೆ ಸಾಲವಿರುವಂತೆ ಮನೆಗೂ ಸಾಲವಿದೆ. ಮನೆಯ ಸಾಲ ಮನುಷ್ಯನನ್ನೇ ಒತ್ತೆಯಾಗಿ ಪಡೆದರೆ ಅದು ಜೀತ. 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದಲೂ ಅದರ ಸ್ಥಾನದಲ್ಲಿ ಬಂದ 1976ರ ಕಾಯ್ದೆಯಿಂದಲೂ ಜೀತಪದ್ಧತಿ ರದ್ದಾಯಿತು. ಈ ಕಾಯ್ದೆಯ ಒಂದು ಅಂಶವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು: ಅದು ಜೀತದಾಳನ್ನು ಬಿಡಿಸಿದ್ದಲ್ಲದೆ, ಅವನ ಜೀತಸಾಲವನ್ನೇ ಇಲ್ಲವಾಗಿಸಿತು. ಬಿಡುಗಡೆಯಾದವನು ಹಿಂದಿನ ಸಾಲ ತೀರಿಸಬೇಕಾಗಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ ಅದೇ 1976ರಲ್ಲಿ ಋಣ ಪರಿಹಾರ ಕಾಯ್ದೆಯನ್ನೂ ತಂದಿತು. ಯಾಜಕಕಾಂಡದ 25ನೆಯ ಅಧ್ಯಾಯ ಐವತ್ತನೆಯ ವರ್ಷಕ್ಕೆ ವಿಧಿಸಿದ ಬಿಡುಗಡೆಯ ಅರ್ಥವನ್ನು, ಧರ್ಮದ ಹೆಸರು ಹೇಳದ ಸಂಸತ್ತು ಒಂದಿಷ್ಟಾದರೂ ಕಾನೂನಿಗೆ ಇಳಿಸಿತು.

ಕಾನೂನು ಬಂದರೂ ‘ಮುಂಗಡ’ ಎಂಬ ಮಾತು ಉಳಿಯಿತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ರಾಮನಗರ ಮತ್ತು ನೂಲು ಹುರಿಮಾಡುವ ಮಾಗಡಿಯ ಘಟಕಗಳಲ್ಲಿ, ತಂದೆತಾಯಿ ಪಡೆದ ಮುಂಗಡಕ್ಕೆ ಮಕ್ಕಳು ದುಡಿಯುವುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರ ವರದಿಗಳಲ್ಲಿ ಲೋಕದ ಮುಂದಿಟ್ಟಿತು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಪುಟ್ಟ ಕೈಗಳ ಬೊಬ್ಬೆಗಳು ಅದರಲ್ಲಿ ದಾಖಲಾದವು. ಹಳ್ಳಿಯ ಒಂದು ಮನೆಯ ಸಾಲ ಹೀಗೆ ದೂರದ ಗ್ರಾಹಕರ ಸೀರೆ ಮತ್ತು ಶಾಲುಗಳ ಬೆಲೆಯೊಳಗೆ ಸೇರಿಹೋಗಿತ್ತು.

ಜೀತ ವಿಮುಕ್ತಿಯ ಕೆಲಸವನ್ನು ದೀರ್ಘಕಾಲ ಹೊತ್ತು ನಡೆಸಿದ್ದರಲ್ಲಿ ನೆರೆಯ ಆನೇಕಲ್‌ನಲ್ಲಿ ಬೇರುಬಿಟ್ಟ ‘ಜೀವಿಕ’ದ ಹೆಸರು ದೊಡ್ಡದು. ಹಳ್ಳಿ ಹಳ್ಳಿಯಲ್ಲಿ ಜೀತದಾಳುಗಳನ್ನು ಗುರುತಿಸಿ, ಅಧಿಕಾರಿಗಳ ಬಾಗಿಲಲ್ಲಿ ನಿಂತು ಬಿಡುಗಡೆಯ ಪ್ರಮಾಣಪತ್ರ ಕೊಡಿಸುವುದು ಅವರ ದಾರಿ. ಸಹಾಯ ಮತ್ತು ವಕಾಲತ್ತಿನ ವ್ಯತ್ಯಾಸ ಆ ಒಂದು ಕಾಗದದಲ್ಲಿದೆ. ಜೀತದಾಳಿಗೆ ಅಕ್ಕಿ ಕೊಟ್ಟರೆ ಅವನು ಉಂಡು ಮತ್ತೆ ಜೀತಕ್ಕೆ ಹೋಗುತ್ತಾನೆ; ಪ್ರಮಾಣಪತ್ರ ಕೈಗೆ ಬಂದರೆ ಕಾನೂನಿನ ಕಣ್ಣಿನಲ್ಲಿ ಅವನು ಯಾರಿಗೂ ಸಾಲಗಾರನಲ್ಲ.

6. ಬಿಡುಗಡೆಯ ವರ್ಷ

ಎರಡನೆಯ ಜಾನ್ ಪೌಲರು 1994ರಲ್ಲಿ, ಎರಡು ಸಾವಿರದ ಮಹಾಜೂಬಿಲಿಯ ಸಿದ್ಧತೆಗಾಗಿ ಬರೆದ ಪತ್ರದಲ್ಲಿ, ಬಡರಾಷ್ಟ್ರಗಳ ಸಾಲವನ್ನು ತಗ್ಗಿಸುವ ಇಲ್ಲವೆ ಮನ್ನಾ ಮಾಡುವ ವಿಚಾರವನ್ನು ಬೈಬಲಿನ ಜೂಬಿಲಿಯ ಜೊತೆ ಜೋಡಿಸಿದರು. ‘ಜೂಬಿಲಿ 2000’ ಚಳವಳಿಯಲ್ಲಿ ಕಥೋಲಿಕ ಸಂಸ್ಥೆಗಳು ಇತರ ಕ್ರೈಸ್ತ ಸಭೆಗಳೊಡನೆ ಒಂದಾದವು. 1998ರ ಮೇ ತಿಂಗಳಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿದಾಗ ಸುಮಾರು 70,000 ಜನ ಕೈಕೈ ಹಿಡಿದು ನಗರವನ್ನು ಬಳಸಿ ನಿಂತರು. 1999ರಲ್ಲಿ ಕಲೋನಿನಲ್ಲಿ ಅದೇ ನಾಯಕರು ಅತಿ ಬಡದೇಶಗಳ ಸಾಲಪರಿಹಾರವನ್ನು ಹಿಗ್ಗಿಸಲು ಒಪ್ಪಿದರು. ಕೇಳಿದ್ದೆಲ್ಲ ಸಿಗಲಿಲ್ಲ, ಕೇಳದಿದ್ದರೆ ಏನೂ ಸಿಗುತ್ತಿರಲಿಲ್ಲ.

ಮುಂಬಯಿಯ ಮನವಿಯೂ ನಿಲ್ಲಲಿಲ್ಲ. ಜಗದ್ಗುರು ಫ್ರಾನ್ಸಿಸರು 2020ರ ‘ಫ್ರತೆಲ್ಲಿ ತುತ್ತಿ’ಯಲ್ಲಿಯೂ, 2025ರ ಜೂಬಿಲಿಯನ್ನು ಸಾರಿದ 2024ರ ಘೋಷಣಾಪತ್ರದಲ್ಲಿಯೂ, ಆಯುಧಗಳ ಹಣದಿಂದ ಹಸಿವನ್ನು ನೀಗುವ ವಿಶ್ವನಿಧಿಯನ್ನು ಮತ್ತೆ ಬೇಡಿದರು. 2024ರಲ್ಲಿ ಲೋಕದ ಸೈನಿಕ ವೆಚ್ಚ 2,71,800 ಕೋಟಿ ಡಾಲರ್ ಎಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಲೆಕ್ಕಹಾಕಿತು. ಅದೇ ವರ್ಷ ಸುಮಾರು 67.3 ಕೋಟಿ ಜನ ಹಸಿವಿನಲ್ಲಿದ್ದರೆಂದು ವಿಶ್ವಸಂಸ್ಥೆಯ ವರದಿ ಹೇಳಿತು. ಅರವತ್ತು ವರ್ಷ ಒಂದೇ ಮಾತನ್ನು ಆಡಬೇಕಾಗಿ ಬಂದರೆ ತಪ್ಪು ಮಾತಿನದಲ್ಲ.

7. ನೆರೆಹೊರೆಯ ಶಾಂತಿ

ಲೋಕದ ಶಾಂತಿಯನ್ನು ಕುರಿತು ಮಾತನಾಡುವವನು ತನ್ನ ಊರಿನಲ್ಲಿ ಶಾಂತಿಯಿಂದಿರಲು ಕಲಿತಿರಬೇಕು. ಹಾರೋಬೆಲೆಯ ಬಳಿಯ ಕಪಾಲಬೆಟ್ಟದಲ್ಲಿ ಯೇಸುಸ್ವಾಮಿಯ ಬೃಹತ್ ಪ್ರತಿಮೆಯ ಯೋಜನೆ ವಿವಾದವಾಗಿ, 2020ರ ಜನವರಿ 13ರಂದು ಕನಕಪುರದಲ್ಲಿ ದೊಡ್ಡ ಪ್ರತಿಭಟನಾ ಮೆರವಣಿಗೆ ನಡೆದದ್ದು ನಮಗೆಲ್ಲ ನೆನಪಿದೆ. ಭೂಮಿಯ ಮತ್ತು ಕಾನೂನಿನ ವಾದಗಳು ಈ ಲೇಖನದ ವಿಷಯವಲ್ಲ. ಆ ದಿನಗಳಲ್ಲಿ ಮತಾಂತರದ ಶಂಕೆ ಎಷ್ಟು ಬೇಗ ಮೇಲೆದ್ದಿತೆಂಬುದು ಮಾತ್ರ ಇಲ್ಲಿ ಮುಖ್ಯ. 2022ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಮತಾಂತರ ಕುರಿತ ಕಾಯ್ದೆ, ‘ಆಮಿಷ’ದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಗಳ ಉಚಿತ ಶಿಕ್ಷಣವನ್ನೂ ಸೇರಿಸಿತು.

ಈ ಕಾಯ್ದೆಯನ್ನು ನಾವು ಅನ್ಯಾಯವೆಂದು ಹೇಳಬಹುದು, ಹೇಳಿದ್ದೇವೆ. ಆದರೆ ಶಂಕೆಗೆ ಉತ್ತರ ಕೊಡುವಾಗ ಮರಿಯಾಪುರದ ಚರಿತ್ರೆಯನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಅಂದು ಅನಾಥರನ್ನು ಬದುಕಿಸಿದ್ದು ನಿಜ. ಅನ್ನ ಮತ್ತು ದೀಕ್ಷೆ ಒಂದೇ ಕೈಯಿಂದ ಬಂದದ್ದೂ ನಿಜ. ಎರಡನ್ನೂ ಒಪ್ಪಿಕೊಂಡು, ಇಂದು ನಮ್ಮ ಸೇವೆಗೆ ಯಾವ ಷರತ್ತೂ ಇಲ್ಲವೆಂದು ನಡತೆಯಿಂದ ತೋರಿಸಬೇಕು. ಇದಕ್ಕೆ ಜೀತ ವಿಮುಕ್ತಿಯ ಮಾದರಿ ನೆರವಾಗುತ್ತದೆ. ನ್ಯಾಯ ಕೇಳುವಾಗ ಕ್ರೈಸ್ತನ ಸಾಲ, ಹಿಂದುವಿನ ಸಾಲ, ಮುಸಲ್ಮಾನನ ಸಾಲ ಎಂಬ ಭೇದವಿಲ್ಲ. ಕಾನೂನು ಕೊಟ್ಟ ಹಕ್ಕನ್ನು ನೆರೆಯವನಿಗೆ ದೊರಕಿಸಿಕೊಟ್ಟವನನ್ನು ಯಾರೂ ಆಮಿಷ ಒಡ್ಡಿದವನೆಂದು ಸುಲಭವಾಗಿ ಕರೆಯಲಾರರು.

ಸಮಾರೋಪ

ಆರಂಭದ ಪ್ರಶ್ನೆಗೆ ಮರಳೋಣ. ಕನಕಪುರದ ಧರ್ಮಕೇಂದ್ರಕ್ಕೆ ಹೋಗುವ ಯುವ ಗುರುವಿಗೆ ಇದರಿಂದೇನು? 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ, ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲದ ಭಯದಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನಮ್ಮ ಜಿಲ್ಲೆಗಳಿಂದಲೇ ಬಂದಿತು. ಮನೆಗಳನ್ನು ಆಶೀರ್ವದಿಸಲು ಹೋಗುವ ಗುರು, ಆ ಮನೆಯ ಮೇಲೆ ಎಷ್ಟು ಸಾಲವಿದೆ, ಯಾರದು, ಬಡ್ಡಿ ಎಷ್ಟು ಎಂದು ಮೆಲ್ಲಗೆ ವಿಚಾರಿಸಬಲ್ಲನು. ಶಾಲೆ ಬಿಟ್ಟ ಮಗು ಎಲ್ಲಿ ದುಡಿಯುತ್ತಿದೆ ಎಂದು ತಿಳಿಯಬಲ್ಲನು. ತಹಸೀಲ್ದಾರರ ಕಚೇರಿಗೆ ಬರೆಯುವ ಅರ್ಜಿಯನ್ನು ಬರೆದುಕೊಡಬಲ್ಲನು, ಜೊತೆಗೆ ಹೋಗಬಲ್ಲನು. ತಪಸ್ಸುಕಾಲದ ಕಾಣಿಕೆಯನ್ನು ಎತ್ತುವ ಭಾನುವಾರ, ಆ ಹಣ ಯಾರಿಗೆ ಹೋಗುತ್ತದೆ ಎಂಬುದರ ಜೊತೆಗೆ, ಲೋಕದ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ಬಲಿಪೀಠದಿಂದ ಹೇಳಬಲ್ಲನು.

ಮರಿಯಾಪುರದ ಗುರುಗಳು ತಮ್ಮ ಕಾಲಕ್ಕೆ ಕಂಡ ಬೆಳಕಿನಲ್ಲಿ ಹಸಿದ ಮಕ್ಕಳನ್ನು ಎತ್ತಿಕೊಂಡರು. ನಮಗೆ ಅವರಿಗಿಂತ ಹೆಚ್ಚಿನ ಬೆಳಕು ದೊರೆತಿದೆ: ರೇರುಮ್ ನೊವಾರುಮ್, ಮಹಾಸಭೆ, ಮುಂಬಯಿಯ ಮನವಿ, ನಮ್ಮದೇ ದೇಶದ ಜೀತ ವಿಮುಕ್ತಿಯ ಕಾಯ್ದೆ. ಹೆಚ್ಚು ಪಡೆದವನಿಂದ ಹೆಚ್ಚು ಕೇಳಲಾಗುವುದೆಂದು ಶುಭಸಂದೇಶ ನಮ್ಮನ್ನು ಎಚ್ಚರಿಸುತ್ತದೆ. ಅವರಷ್ಟೇ ಮಾಡಿ ನಿಂತರೆ ನಾವು ಅವರಿಗಿಂತ ಕಡಿಮೆ ಮಾಡಿದಂತೆ.